ಕಿಟ್ ಗಿಟಾರ್: ಜೋಡಿಸಿದ ಮೇಲೆ ಹದಕ್ಕೆ ತರುವ ಬಗೆ

ಬಿಡಿಭಾಗಗಳ ಕಿಟ್ ತರಿಸಿಕೊಂಡು ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಕಟ್ಟುವವರಿಗೆ ಕೆಲಸ ಮುಗಿಯಿತೆಂದು ಬಹಳ ಬೇಗ ಅನ್ನಿಸಿಬಿಡುತ್ತದೆ. ನೆಕ್ ಎಂಬ ಉದ್ದನೆಯ ಹಿಡಿಯನ್ನು ಬಾಡಿ ಎಂಬ ಒಡಲಿಗೆ ಬಿಗಿದು, ಆರು ತಂತಿ ಏರಿಸಿ, ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಹೊರಡುವ ಮೊದಲ ಸ್ವರದ ಸಂಭ್ರಮ ಅಂಥದ್ದು. ಆದರೆ ಅರ್ಧ ಗಂಟೆ ಕಳೆಯುವುದರೊಳಗೆ ಒಂದೊಂದೇ ಕೊರತೆ ತಲೆಯೆತ್ತುತ್ತದೆ: ಮೂರನೇ ಫ್ರೆಟ್‌ನಲ್ಲಿ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ, ವೀಣೆಯ ಮೆಟ್ಟಿಲಿನಂಥದ್ದು) ತಂತಿ ಗರಗರ ಎನ್ನುತ್ತದೆ, ಬಿಡಿ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೇ ಫ್ರೆಟ್‌ನಲ್ಲಿ ಸ್ವರ ಏರಿಹೋಗುತ್ತದೆ, ಮೊದಲ ಫ್ರೆಟ್ ಒತ್ತುವಷ್ಟರಲ್ಲಿ ಬೆರಳು ನೋಯುತ್ತದೆ. ಇದನ್ನೆಲ್ಲ ಕಿಟ್‌ನ ಕಳಪೆತನವೆಂದು ಬಗೆದು ವಾದ್ಯವನ್ನು ಗೋಡೆಗೆ ತೂಗುಹಾಕಿಬಿಟ್ಟವರನ್ನು ನಾನು ಕಂಡಿದ್ದೇನೆ. ಜೋಡಣೆ ಒಂದೆರಡು ದಿನದ ಕೆಲಸ. ಹದಕ್ಕೆ ತರುವುದು ಅದಾದ ಮೇಲೆ ಶುರುವಾಗುವ, ಅದಕ್ಕಿಂತ ಸೂಕ್ಷ್ಮವಾದ ಕೆಲಸ. ಅದಕ್ಕೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಇಂದು ಸರಿಪಡಿಸಿದ್ದನ್ನು ನಾಳಿನ ತಿದ್ದುಪಡಿ ಕೆಡಿಸುತ್ತ ಹೋಗುತ್ತದೆ.

ಮೊದಲ ಬಾರಿ ಕಟ್ಟುವವರಿಗೆ ನಾನು ಟೆಲಿಕಾಸ್ಟರ್ ಮಾದರಿಯ ಕಿಟ್ಟನ್ನೇ ಸೂಚಿಸುತ್ತೇನೆ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ವೃತ್ತಿ ಆರಂಭಿಸಿದ ಲಿಯೊ ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ಈ ಗಿಟಾರಿಗೆ ಟೆಲಿಕಾಸ್ಟರ್ ಎಂಬ ಹೆಸರು ಬಂದದ್ದು 1951ರಲ್ಲಿ. ರಿಪೇರಿಯವನ ಕಣ್ಣಿಂದ ವಾದ್ಯವನ್ನು ನೋಡಿದವನಾದ್ದರಿಂದ, ಅಂಟು ಹಾಕಿ ಕೂಡಿಸುವ ರೂಢಿಯನ್ನು ಬಿಟ್ಟು, ನೆಕ್ಕನ್ನು ಬಾಡಿಯಲ್ಲಿ ಕೊರೆದ ಗುಳಿಗೆ ಇಳಿಸಿ ನಾಲ್ಕು ತಿರುಪುಗಳಿಂದ ಬಿಗಿಯುವ ಪದ್ಧತಿಯನ್ನು ಫೆಂಡರ್ ಆರಿಸಿಕೊಂಡ. ಕೆಟ್ಟದ್ದನ್ನು ಬಿಚ್ಚಿ ಬದಲಾಯಿಸಬಹುದು ಎಂಬ ಆ ಒಂದು ವಿಚಾರದಿಂದಲೇ ಇಂದು ಗಿಟಾರು ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ನಮ್ಮ ಮನೆಗೆ ಬರಲು ಸಾಧ್ಯವಾಗಿದೆ. ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್ ಮಾದರಿಯಲ್ಲಿ ನೆಕ್ ತುಸು ಹಿಂದಕ್ಕೆ ವಾಲಿದಂತೆ ಅಂಟಿಕೊಂಡಿರುತ್ತದೆ. ಅಲ್ಲಿ ಕೋನ ತಪ್ಪಿದರೆ ತಿದ್ದುವುದು ಹೊಸಬರ ಕೈಯ ಕೆಲಸವಲ್ಲ. ಟೆಲಿಕಾಸ್ಟರಿನಲ್ಲಿ ಎಲ್ಲ ತಪ್ಪಿಗೂ ಒಂದು ಸ್ಕ್ರೂಡ್ರೈವರಿನಷ್ಟು ದೂರದಲ್ಲಿ ಪರಿಹಾರವಿದೆ.

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ತಂತಿಯ ಲೆಕ್ಕ ತಿಳಿದಿರಬೇಕು, ಏಕೆಂದರೆ ಮುಂದಿನ ಎಲ್ಲ ಕೆಲಸವೂ ಆ ಲೆಕ್ಕದ ಸುತ್ತಲೇ ನಡೆಯುತ್ತದೆ. ನೆಕ್ಕಿನ ತುದಿಯಲ್ಲಿರುವ ನಟ್ ಎಂಬ ಸಣ್ಣ ಪಟ್ಟಿಯಿಂದ ಬಾಡಿಯ ಮೇಲಿನ ಬ್ರಿಡ್ಜಿನಲ್ಲಿ ತಂತಿಯನ್ನು ಹೊರುವ ಸ್ಯಾಡಲ್‌ವರೆಗೆ ತಂತಿ ಕಂಪಿಸುವ ಉದ್ದ ಈ ಮಾದರಿಯಲ್ಲಿ ಇಪ್ಪತ್ತೈದೂವರೆ ಇಂಚು, ಅಂದರೆ 648 ಮಿಲಿಮೀಟರ್. ಹನ್ನೆರಡನೇ ಫ್ರೆಟ್ ಅದರ ಸರಿಯಾದ ಅರ್ಧಕ್ಕೆ, 324ಕ್ಕೆ, ಬರಬೇಕು; ಅಲ್ಲಿ ಒತ್ತಿದರೆ ಬಿಡಿ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಉಳಿದ ಫ್ರೆಟ್‌ಗಳ ಜಾಗವೂ ಇದೇ ಅನುಪಾತದಿಂದ ಹುಟ್ಟಿದ್ದು: ಪ್ರತಿ ಹೆಜ್ಜೆಗೂ ಉಳಿದ ಉದ್ದವನ್ನು 1.0595ರಿಂದ ಭಾಗಿಸುತ್ತ ಹೋಗಬೇಕು. ಹಾಗಾಗಿ ಮೊದಲ ಫ್ರೆಟ್ ನಟ್‌ನಿಂದ ಸುಮಾರು 36 ಮಿಲಿಮೀಟರ್ ದೂರದಲ್ಲಿದ್ದರೆ ಹನ್ನೆರಡರಿಂದ ಹದಿಮೂರಕ್ಕಿರುವ ಅಂತರ ಅದರ ಅರ್ಧ.

ಇಲ್ಲಿ ವೀಣೆಯನ್ನು ನೆನೆದರೆ ವಿಷಯ ಬೇಗ ತಿಳಿಯುತ್ತದೆ. ವೀಣೆಗೆ ಮೇಳ ಕಟ್ಟುವವರು ಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಕಪ್ಪು ಹಾಸಿನ ಮೇಲೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕಿವಿಯಿಂದ ಕೇಳುತ್ತಲೇ ಒಂದೊಂದಾಗಿ ಕೂರಿಸುತ್ತಾರೆ. ಸ್ವರಸ್ಥಾನ ಕದಲಿದರೆ ಮೇಣವನ್ನು ಮೆತ್ತಗಾಗಿಸಿ ಮೆಟ್ಟಿಲನ್ನೇ ಸರಿಸುತ್ತಾರೆ. ಗಿಟಾರಿನ ಮೆಟ್ಟಿಲುಗಳು ಕಾರ್ಖಾನೆಯಲ್ಲೇ ಮರದೊಳಗೆ ಬಡಿದು ಕೂತಿರುವುದರಿಂದ ನಮಗೆ ಸರಿಸಲು ಉಳಿಯುವುದು ತಂತಿಯ ಇನ್ನೊಂದು ತುದಿ ಮಾತ್ರ. ವೀಣೆಯವರು ಕುದುರೆ ಎನ್ನುವ ಭಾಗವೇ ಗಿಟಾರಿನ ಬ್ರಿಡ್ಜ್. ವ್ಯತ್ಯಾಸವೇನೆಂದರೆ ಈ ಕಿಟ್‌ಗಳ ಕುದುರೆಯಲ್ಲಿ ಸಾಮಾನ್ಯವಾಗಿ ಪ್ರತಿ ತಂತಿಗೂ ಬೇರೆಯದೇ ಸ್ಯಾಡಲ್ ಇದ್ದು, ಅದು ಹಿಂದೆ ಮುಂದೆ, ಮೇಲೆ ಕೆಳಗೆ ಚಲಿಸುತ್ತದೆ.

ಪೆಟ್ಟಿಗೆ ತೆರೆದ ದಿನ ಬಣ್ಣಕ್ಕೆ ಕೈಹಾಕಬಾರದು. ಮೊದಲು ಎಲ್ಲವನ್ನೂ ಒಣದಾಗಿ ಜೋಡಿಸಿ ನೋಡಬೇಕು. ನೆಕ್ಕನ್ನು ಗುಳಿಯಲ್ಲಿ ಕೂರಿಸಿ, ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ ಅಳೆದು, ಅಷ್ಟೇ ದೂರವನ್ನು ಬ್ರಿಡ್ಜಿನ ಕಡೆಗೆ ಗುರುತಿಸಿದರೆ ತೆಳು ಇ ತಂತಿಯ ಸ್ಯಾಡಲ್ ಎಲ್ಲಿರಬೇಕೆಂದು ಗೊತ್ತಾಗುತ್ತದೆ. ಆ ಗುರುತಿನಿಂದ ಹಿಂದಕ್ಕೆ ಇನ್ನೂ ಐದಾರು ಮಿಲಿಮೀಟರ್ ಸರಿಯಲು ಸ್ಯಾಡಲ್‌ಗಳಿಗೆ ಜಾಗವಿದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ಬ್ರಿಡ್ಜಿನ ತೂತು ಕೊರೆಯಬೇಕು. ಆಮೇಲೆ ದಾರದ ಪರೀಕ್ಷೆ. ನಟ್‌ನ ಎರಡು ತುದಿಯ ಗೀರುಗಳಿಂದ ಬ್ರಿಡ್ಜಿನ ಎರಡು ತುದಿಯ ಸ್ಯಾಡಲ್‌ಗಳಿಗೆ ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ ಮೇಲಿನಿಂದ ನೋಡಿದಾಗ, ಫ್ರೆಟ್‌ಗಳು ಕೂತಿರುವ ಹಲಗೆಯಾದ ಫಿಂಗರ್‌ಬೋರ್ಡಿನ ಎರಡೂ ಅಂಚುಗಳಿಂದ ದಾರಗಳು ಒಂದೇ ಅಂತರದಲ್ಲಿರಬೇಕು.

ನನ್ನ ಮೊದಲ ಗಿಟಾರಿನಲ್ಲಿ ಈ ಪರೀಕ್ಷೆ ಒಣ ಜೋಡಣೆಯಲ್ಲಿ ಸರಿಬಂದು, ಬಣ್ಣವಾದ ಮೇಲೆ ತಪ್ಪಿತು. ತೆಳು ಇ ತಂತಿ ಅಂಚಿಗೆ ಸರಿದು, ಹನ್ನೆರಡನೇ ಫ್ರೆಟ್ ದಾಟಿದ ಕೂಡಲೇ ಬೆರಳಿನ ಕೆಳಗಿಂದ ಜಾರಿ ಬೋರ್ಡಿನಿಂದ ಆಚೆ ಬೀಳುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಗುಳಿಯ ಒಳಗೋಡೆಯ ಮೇಲೆ ವಾರ್ನಿಷಿನ ಒಂದು ಹನಿ ಇಳಿದು ಗಟ್ಟಿಯಾಗಿತ್ತು. ಅರ್ಧ ಮಿಲಿಮೀಟರೂ ದಪ್ಪವಿರದ ಆ ಹನಿ ನೆಕ್ಕಿನ ಬುಡವನ್ನು ಒಂದು ಬದಿಗೆ ತಳ್ಳಿತ್ತು. ಬುಡದಲ್ಲಿ ಕೂದಲೆಳೆಯಷ್ಟಿದ್ದ ಓರೆ ಬ್ರಿಡ್ಜಿನ ಬಳಿ ಒಂದು ಮಿಲಿಮೀಟರಿಗೂ ಮೀರಿ ಬೆಳೆದಿತ್ತು. ಉಳಿಯ ಮೊನೆಯಿಂದ ಹನಿಯನ್ನು ಕೆರೆದು ತೆಗೆದು ಮತ್ತೆ ಬಿಗಿದಾಗ ದಾರ ತಾನಾಗಿ ತನ್ನ ಜಾಗಕ್ಕೆ ಬಂತು. ಬಣ್ಣ ಹೊಡೆಯುವ ಮುನ್ನ ಗುಳಿಯೊಳಗೆ ಮಾಸ್ಕಿಂಗ್ ಟೇಪ್ ಅಂಟಿಸುವುದನ್ನು ಅಂದಿನಿಂದ ಮರೆತಿಲ್ಲ.

ಗುಳಿಯಲ್ಲಿ ನೆಕ್ ಕೂರುವ ಕೋನವೂ ಇಷ್ಟೇ ಪ್ರಭಾವಶಾಲಿ. ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಇದ್ದರೆ ನೆಕ್ಕಿನ ಬುಡದ ಕೆಳಗೆ, ಬ್ರಿಡ್ಜಿನ ಕಡೆಯ ತುದಿಯಲ್ಲಿ, ಅರ್ಧ ಮಿಲಿಮೀಟರ್ ದಪ್ಪದ ಮರದ ಸಿಪ್ಪೆಯನ್ನೋ ಗಟ್ಟಿ ಕಾರ್ಡನ್ನೋ ಇಡುತ್ತಾರೆ. ಗುಳಿಯ ಉದ್ದ ಸುಮಾರು 76 ಮಿಲಿಮೀಟರ್ ಆಗಿರುವುದರಿಂದ ಆ ಅರ್ಧ ಮಿಲಿಮೀಟರ್ ಬ್ರಿಡ್ಜಿನ ಬಳಿ ಒಂದೂವರೆ ಮಿಲಿಮೀಟರಿಗೂ ಹೆಚ್ಚಿನ ಅವಕಾಶ ಮಾಡಿಕೊಡುತ್ತದೆ. ತಿರುಪು ಬಿಗಿಯುವಾಗ ಒಂದು ಎಚ್ಚರಿಕೆ: ನೆಕ್ ಮಾಡುವ ಮೇಪಲ್ ಮರ ಬಹಳ ಗಡಸು. ಮೊದಲು ತೆಳುವಾದ ತೂತು ಕೊರೆದು, ನಮ್ಮ ಬಡಗಿಗಳು ಮಾಡುವಂತೆ ತಿರುಪಿನ ಸುರುಳಿಗೆ ಒಣ ಸೋಪು ಉಜ್ಜಿ ಇಳಿಸದಿದ್ದರೆ ಬಿರಡೆಗಳ ಸಣ್ಣ ತಿರುಪು ಮರದೊಳಗೇ ಮುರಿದು ಉಳಿಯುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಕಣ್ಣಿಗೆ ಸೇರಿದ್ದು, ಅವರವರ ಇಷ್ಟ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ತೇವ ಒಳಗೆ ಸಿಕ್ಕಿ ಮೇಲ್ಮೈ ಹಾಲು ಚೆಲ್ಲಿದಂತೆ ಮಸುಕಾಗುತ್ತದೆ, ಆದ್ದರಿಂದ ಕರಾವಳಿ ಮಲೆನಾಡಿನವರು ಚಳಿಗಾಲದ ಒಣಹವೆಗೆ ಕಾಯುವುದು ಮೇಲು. ಫಿಂಗರ್‌ಬೋರ್ಡ್ ಬೀಟೆ ಮರದ್ದಾಗಿದ್ದರೆ ಅದಕ್ಕೆ ವಾರ್ನಿಷ್ ತಾಗದಂತೆ ಟೇಪ್ ಹಾಕಿ, ಕೊನೆಯಲ್ಲಿ ಬಟ್ಟೆಯಿಂದ ಒಂದೆರಡು ಹನಿ ಎಣ್ಣೆ ಒರೆಸಿದರೆ ಸಾಕು. ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಈ ಬೀಟೆಗೆ ಜಗತ್ತಿನ ಗಿಟಾರ್ ತಯಾರಕರಲ್ಲಿ ದೊಡ್ಡ ಹೆಸರಿದೆ. ಬ್ರೆಜಿಲ್‌ನ ಬೀಟೆಯ ವ್ಯಾಪಾರವನ್ನು 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಬಿಗಿಯಾಗಿ ನಿರ್ಬಂಧಿಸಿತು. 2017ರಲ್ಲಿ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲ ನಿಯಂತ್ರಣಕ್ಕೆ ಬಂದು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ವಿದೇಶದಿಂದ ಬಂದ ಪೆಟ್ಟಿಗೆಯಲ್ಲಿ ನಮ್ಮದೇ ಕಾಡಿನ ಮರದ ಕರಿಗೆಂಪು ಗೆರೆಗಳನ್ನು ಕಂಡಾಗ ನನಗೆ ಆದ ಸಂತೋಷವನ್ನು ಇಲ್ಲಿ ಹೇಳದಿರಲಾರೆ.

ಇನ್ನು ವಿದ್ಯುತ್ತಿನ ಭಾಗ. ಪಿಕಪ್ ಎಂದರೆ ಆಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆಯಸ್ಕಾಂತದ ಕ್ಷೇತ್ರ ಏರಿಳಿದು, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತು ಮೂರು ಸ್ಥಾನದ ಸ್ವಿಚ್ಚನ್ನು ಹಾದು, 250 ಕಿಲೋಓಮ್‌ನ ವಾಲ್ಯೂಮ್ ಮತ್ತು ಟೋನ್ ನಿಯಂತ್ರಕಗಳ ಮೂಲಕ ಜ್ಯಾಕ್ ತಲುಪುತ್ತದೆ. ಟೋನ್‌ಗೆ ಬೆಸೆದ ಪುಟ್ಟ ಕೆಪಾಸಿಟರ್ ಮಾಡುವುದು ಇಷ್ಟೇ: ಗುಂಡಿಯನ್ನು ತಗ್ಗಿಸಿದಷ್ಟೂ ತೀಕ್ಷ್ಣವಾದ ಎತ್ತರದ ಸ್ವರಾಂಶಗಳನ್ನು ನೆಲದ ತಂತಿಗೆ (ಗ್ರೌಂಡ್) ಹರಿಸಿಬಿಡುತ್ತದೆ.

ಹೊಸಬರು ಸೋಲುವುದು ನಿಯಂತ್ರಕದ ಬೆನ್ನಿಗೆ ನೆಲದ ತಂತಿಯನ್ನು ಬೆಸೆಯುವಾಗ. ಆ ಲೋಹದ ಕವಚ ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ ಸಣ್ಣ ಸಾಲ್ಡರಿಂಗ್ ಐರನ್ನಿನಿಂದ ಬಹಳ ಹೊತ್ತು ಕಾಯಿಸುತ್ತ ಕೂತರೆ ಒಳಗಿನ ಭಾಗ ಸುಟ್ಟುಹೋಗುತ್ತದೆ, ಸೀಸ ಮಾತ್ರ ಮೇಲೆ ಗುಂಡಗೆ ಕೂತಿರುತ್ತದೆ. ಕವಚವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿ, ಫ್ಲಕ್ಸ್ ಸವರಿ, 60 ವಾಟಿನ ಐರನ್ನಿನಿಂದ ನಾಲ್ಕೈದು ಸೆಕೆಂಡಿನಲ್ಲಿ ಮುಗಿಸಬೇಕು, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸಾಲಿನ ಅಂಗಡಿಗಳಲ್ಲಿ ದೊರೆಯುತ್ತವೆ. ಸರಿಯಾದ ಬೆಸುಗೆ ನೀರು ಹರಡಿದಂತೆ ಹರಡಿ ಹೊಳೆಯುತ್ತದೆ. ಬ್ರಿಡ್ಜಿನ ಲೋಹಕ್ಕೂ ನೆಲದ ತಂತಿ ತಲುಪಿರಲೇಬೇಕು. ನಮ್ಮ ಮನೆಯ ವಿದ್ಯುತ್ತಿನ 50 ಹರ್ಟ್ಸಿನ ಗುಂಯ್‌ಗುಡುವಿಕೆ ಮುಂದೆ ಗಿಟಾರಿನ ತಂತಿ ಏರಿಸಿ ಅದನ್ನು ಮುಟ್ಟಿದ ಕೂಡಲೇ ತಗ್ಗಿದರೆ ಅದು ತಲುಪಿದೆ ಎಂದರ್ಥ. ತಂತಿ ಏರಿಸುವ ಮೊದಲೇ ಆಂಪ್ಲಿಫೈಯರಿಗೆ ಜೋಡಿಸಿ ಪಿಕಪ್ಪುಗಳ ಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ, ಸ್ವಿಚ್ಚಿನ ಮೂರೂ ಸ್ಥಾನಗಳಲ್ಲಿ ಟಕ್ ಎಂಬ ಸದ್ದು ಬರಬೇಕಾದಲ್ಲೇ ಬರುತ್ತಿದೆಯೇ ಎಂದು ನೋಡಿದರೆ ಮತ್ತೆ ಬಿಚ್ಚುವ ಶ್ರಮ ತಪ್ಪುತ್ತದೆ. ನಡುವಿನ ಸ್ಥಾನದಲ್ಲಿ, ಎರಡೂ ಪಿಕಪ್ ಕೂಡಿದಾಗ, ದನಿ ತೆಳ್ಳಗಾಗಿ ಮಂದ್ರವೇ ಮಾಯವಾದರೆ ಅವೆರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತಿವೆ ಎಂದು ತಿಳಿದು, ಒಂದು ಪಿಕಪ್ಪಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು.

ಈಗ ಹದಕ್ಕೆ ತರುವ ಕೆಲಸ. ನೀವು ಮುಂದೆ ಬಳಸಲಿರುವ ದಪ್ಪದ ತಂತಿಗಳನ್ನೇ ಏರಿಸಿ, ಪೂರ್ಣ ಶ್ರುತಿಗೆ ತಂದು ಒಂದು ರಾತ್ರಿ ಬಿಡಬೇಕು. ಹತ್ತರ ಸೆಟ್ಟೆಂದು ಕರೆಯುವ ಸಾಮಾನ್ಯ ತಂತಿಗಳ ಆರೂ ಎಳೆತ ಕೂಡಿದರೆ 45 ಕಿಲೋಗ್ರಾಂ ದಾಟುತ್ತದೆ. ಇಷ್ಟು ಭಾರ ಎಳೆಯುತ್ತಿರುವಾಗ ಮರ ಬಿಲ್ಲಿನಂತೆ ಮುಂದಕ್ಕೆ ಬಾಗುವುದು ಸಹಜ. ಅದನ್ನು ತಡೆಯಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಎಲ್ಲ ಅಳತೆಯೂ ಇಲ್ಲಿಂದ ಆರಂಭವಾಗಬೇಕು, ಏಕೆಂದರೆ ನೆಕ್ಕಿನ ಬಾಗು ಬದಲಾದರೆ ತಂತಿಯ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಒತ್ತಿದಾಗಿನ ಸ್ವರ ಬದಲಾಗುತ್ತದೆ. ಕೆಳಗಿನ ಕಲ್ಲು ಅಲುಗಾಡುತ್ತಿರುವಾಗ ಮೇಲಿನದನ್ನು ಕೂರಿಸಲಾಗದು.

ಮೊದಲ ಫ್ರೆಟ್‌ಗೆ ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಎಂಬ ಕ್ಲಿಪ್ಪು ಹಾಕಿ, ಇನ್ನೊಂದು ಕೈಯಿಂದ ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದರೆ ತಂತಿಯೇ ಒಂದು ನೇರ ಅಳತೆಗೋಲಾಗುತ್ತದೆ. ಆಗ ಏಳು ಎಂಟನೇ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.3 ಮಿಲಿಮೀಟರ್ ಸಂದಿರಬೇಕು. ಇದನ್ನು ಅಳೆಯಲು ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜ್ ಸಾಕು. ನೆಕ್ ಪೂರ್ತಿ ನೇರವಿರಬಾರದೇ ಎಂಬ ಪ್ರಶ್ನೆ ಬರುತ್ತದೆ. ಮೀಟಿದ ತಂತಿ ನಡುವಿನಲ್ಲಿ ಅಗಲವಾಗಿ, ತುದಿಗಳಲ್ಲಿ ಕಿರಿದಾಗಿ ತೂಗುವುದರಿಂದ ಅದಕ್ಕೆ ನಡುವಿನಲ್ಲಿ ತುಸು ಹೆಚ್ಚು ಜಾಗ ಬೇಕು. ಆ ಸಣ್ಣ ತಗ್ಗು ಅದಕ್ಕಾಗಿ. ಸಂದು ಹೆಚ್ಚಿದ್ದರೆ ಅಲೆನ್ ಕೀಯಿಂದ ಸರಳನ್ನು ಗಡಿಯಾರದ ದಿಕ್ಕಿಗೆ, ಕಡಿಮೆಯಿದ್ದರೆ ವಿರುದ್ಧ ದಿಕ್ಕಿಗೆ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಬಿಗಿಯಾಗಿ ನಿಂತ ಸರಳನ್ನು ಬಲವಂತ ಮಾಡಿದರೆ ನೆಕ್ಕೇ ಹೋಗುತ್ತದೆ.

ಎರಡನೆಯದು ನಟ್. ಕಿಟ್‌ಗಳಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಒಳಗಾಗುವ ಭಾಗ ಇದೇ ಎಂಬುದು ನನ್ನ ಅನುಭವ. ಗೀರುಗಳು ಬೇಕಾದಷ್ಟು ಆಳವಿರುವುದಿಲ್ಲ. ಬೆರಳು ನೋಯುವುದಕ್ಕೂ, ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಸ್ವರ ಏರುವುದಕ್ಕೂ ಇದೇ ಮೂಲ. ಮೂರನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಮೊದಲ ಫ್ರೆಟ್‌ನ ಮೇಲೆ ನೋಡಿದರೆ ಒಂದು ಕಾಗದ ನುಸುಳುವಷ್ಟು ಸಂದು ಕಾಣಬೇಕು, ಅಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ಗೀರನ್ನು ಅರದಿಂದ ಇಳಿಸಬೇಕು. ನಟ್‌ಗೆಂದೇ ಮಾಡಿದ ಅರಗಳು ದುಬಾರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಯಾಸ್ ವೆಲ್ಡಿಂಗಿನ ನಾಜಲ್ ಶುಚಿಮಾಡಲು ಮಾರುವ ತೆಳು ಕಡ್ಡಿಗಳ ಕಟ್ಟು ಅದೇ ಕೆಲಸ ಮಾಡುತ್ತದೆ. ಪ್ರತಿ ಮೂರು ನಾಲ್ಕು ಎಳೆತಕ್ಕೊಮ್ಮೆ ನಿಲ್ಲಿಸಿ ತಂತಿ ಕೂರಿಸಿ ನೋಡಬೇಕು. ಆಳ ಮೀರಿದರೆ ಬಿಡಿ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತದೆ. ಆಗ ಗೀರಿನಲ್ಲಿ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತಾಗುತ್ತದೆ, ಮತ್ತೆ ಕೊರೆಯಬಹುದು. ಶ್ರುತಿ ಮಾಡುವಾಗ ಜಿ ತಂತಿ ಟಿಣ್ ಎಂದು ಜಿಗಿದು ಸ್ವರ ಹಾರಿದರೆ ಅದು ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಪೆನ್ಸಿಲ್ ಸೀಸವನ್ನು ಗೀರಿಗೆ ಉಜ್ಜಿದರೆ ಜಾರುತ್ತದೆ.

ಮೂರನೆಯದಾಗಿ ಸ್ಯಾಡಲ್‌ಗಳ ಎತ್ತರ. ಹನ್ನೆರಡನೇ ಫ್ರೆಟ್‌ನ ಮೇಲೆ ತೆಳು ತಂತಿಯ ಕೆಳಗೆ 1.6, ದಪ್ಪ ತಂತಿಯ ಕೆಳಗೆ 2 ಮಿಲಿಮೀಟರ್ ಆರಂಭಕ್ಕೆ ಒಳ್ಳೆಯ ಅಳತೆ. ಸ್ಯಾಡಲ್ ಒಂದು ಮಿಲಿಮೀಟರ್ ಇಳಿದರೆ ತಂತಿಯ ನಡುಭಾಗವಾದ ಹನ್ನೆರಡರಲ್ಲಿ ಅರ್ಧ ಮಿಲಿಮೀಟರ್ ಮಾತ್ರ ಇಳಿಯುತ್ತದೆ ಎಂಬುದು ನೆನಪಿರಲಿ. ಇಳಿಸುತ್ತ ಹೋದಂತೆ ಎಲ್ಲೋ ಒಂದು ಕಡೆ ಸದ್ದು ಶುರುವಾಗುತ್ತದೆ. ತಂಬೂರಿಯಲ್ಲಿ ಕುದುರೆಯ ಮೇಲೆ ಎಳೆ ನೂಲಿಟ್ಟು ಬರಿಸುವ ಝೇಂಕಾರ ನಮಗೆ ಪ್ರಿಯ, ಆದರೆ ಇಲ್ಲಿ ಅದು ಸ್ವರವನ್ನು ತಿನ್ನುವ ದೋಷ, ಮತ್ತು ಅದು ಕೇಳುವ ಜಾಗವೇ ಅದರ ಕಾರಣವನ್ನು ಹೇಳುತ್ತದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲೆಲ್ಲ ಕೇಳಿದರೆ ನೆಕ್ ಅತಿ ನೇರವಾಗಿದೆ. ಹನ್ನೆರಡರ ಆಚೆ ಮಾತ್ರ ಕೇಳಿದರೆ ಸ್ಯಾಡಲ್ ತಗ್ಗಾಗಿದೆ. ಒಂದೇ ಒಂದು ಫ್ರೆಟ್‌ನಲ್ಲಿ ಕೇಳಿದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಎದ್ದ ಫ್ರೆಟ್ಟನ್ನು ಗುರುತಿಸಲು ಮೂರು ಫ್ರೆಟ್‌ಗಳನ್ನಷ್ಟೇ ಮುಟ್ಟುವ ಉಕ್ಕಿನ ಚಿಕ್ಕ ಪಟ್ಟಿಯನ್ನು ಅಡ್ಡಲಾಗಿ ಇಟ್ಟು ಒತ್ತಿದರೆ ನಡುವಿನದು ಎದ್ದಿದ್ದಾಗ ಪಟ್ಟಿ ತೊಟ್ಟಿಲಿನಂತೆ ತೂಗುತ್ತದೆ. ಮರದ ಸುತ್ತಿಗೆಯ ಒಂದು ಹದವಾದ ಏಟಿಗೆ ಕೂತರೆ ಸರಿ, ಇಲ್ಲದಿದ್ದರೆ ಅರದಿಂದ ತುಸು ತೆಗೆದು ತಲೆಯನ್ನು ಮತ್ತೆ ದುಂಡಗೆ ಮಾಡಬೇಕು.

ಇಷ್ಟು ನಿಂತ ಮೇಲೆಯೇ ಸ್ವರಸ್ಥಾನದ ತಿದ್ದುಪಡಿ. ತಂತಿಯನ್ನು ಫ್ರೆಟ್‌ಗೆ ಒತ್ತುವಾಗ ಅದು ಸ್ವಲ್ಪ ಹಿಗ್ಗಿ ಬಿಗಿಯಾಗುತ್ತದೆ, ಬಿಗಿಯಾದಷ್ಟು ಸ್ವರ ಏರುತ್ತದೆ. ಹಾಗಾಗಿ 648 ಎಂಬ ಲೆಕ್ಕದ ಉದ್ದಕ್ಕೆ ಪ್ರತಿ ತಂತಿಗೂ ಬೇರೆಬೇರೆ ಪ್ರಮಾಣದ ಹೆಚ್ಚುವರಿ ಉದ್ದ ಸೇರಿಸಿ ಆ ಏರಿಕೆಯನ್ನು ಸರಿದೂಗಿಸಬೇಕಾಗುತ್ತದೆ. ಹನ್ನೆರಡನೇ ಫ್ರೆಟ್‌ನ ನೇರ ಮೇಲೆ ತಂತಿಗೆ ಬೆರಳು ತಾಗಿಸಿದಷ್ಟೇ ತಾಗಿಸಿ ಮೀಟಿದಾಗ ಬರುವ ಗಂಟೆಯಂಥ ಸ್ವರವನ್ನು, ಅದೇ ಫ್ರೆಟ್‌ನಲ್ಲಿ ಒತ್ತಿ ಮೀಟಿದ ಸ್ವರದೊಂದಿಗೆ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಒಂದು ಮಿಲಿಮೀಟರ್ ಸರಿಸಿದರೆ ಸುಮಾರು 2.7 ಸೆಂಟಿನಷ್ಟು ವ್ಯತ್ಯಾಸವಾಗುತ್ತದೆ. ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರಗಳ ನಡುವಿನ ಅಂತರವನ್ನು 100 ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್. ಪ್ರತಿ ಸರಿಕೆಯ ನಂತರವೂ ಬಿಡಿ ತಂತಿಯನ್ನು ಮತ್ತೆ ಶ್ರುತಿ ಮಾಡದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆರೂ ಮುಗಿದಾಗ ಸ್ಯಾಡಲ್‌ಗಳು ಒಂದು ಸಾಲಾಗಿ ನಿಂತಿರುವುದಿಲ್ಲ. ತೆಳು ಇ, ಬಿ, ಜಿ ಮೂರೂ ಮೆಟ್ಟಿಲಿಳಿದಂತೆ ಹಿಂದಕ್ಕೆ ಸರಿದು, ಡಿ ಮತ್ತೆ ಮುಂದಕ್ಕೆ ಹಾರಿ, ಎ ಮತ್ತು ದಪ್ಪ ಇ ಪುನಃ ಹಿಂದಕ್ಕೆ ಹೋಗಿರುತ್ತವೆ. ಜಿ ತಂತಿ ಇಡಿಯಾಗಿ ಒಂದೇ ಉಕ್ಕಿನದು. ಡಿ ತಂತಿಯೊಳಗೆ ಅದಕ್ಕಿಂತ ತೆಳು ಉಕ್ಕಿನ ಎಳೆ ಇದ್ದು ಮೇಲೆ ಸುತ್ತು ಹಾಕಿರುತ್ತಾರೆ. ಬಿರುಸು ಇರುವುದು ಉಕ್ಕಿನ ಒಳಎಳೆಯಲ್ಲಾದ್ದರಿಂದ ಈ ಹಾರಿಕೆ. ನಿಮ್ಮ ಸ್ಯಾಡಲ್‌ಗಳು ಹೀಗೆ ನಿಂತಿದ್ದರೆ ಕೆಲಸ ಸರಿದಾರಿಯಲ್ಲಿದೆ ಎಂದು ನಂಬಬಹುದು.

ಕೊನೆಯದು ಪಿಕಪ್ಪಿನ ಎತ್ತರ. ದನಿ ಜೋರಾಗಲೆಂದು ತಂತಿಯ ಹತ್ತಿರಕ್ಕೆ ಎತ್ತುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಅತಿ ಹತ್ತಿರವಾದರೆ ಆಯಸ್ಕಾಂತ ತಂತಿಯನ್ನೇ ಎಳೆಯತೊಡಗಿ, ದಪ್ಪ ತಂತಿಯ ಮೇಲಿನ ಸ್ವರಗಳಲ್ಲಿ ಒಂದು ಅಸಹಜ ಅಲೆ ಹುಟ್ಟುತ್ತದೆ. ಅಷ್ಟು ಹೊತ್ತು ಕೂತು ಹೊಂದಿಸಿದ ಸ್ವರಸ್ಥಾನವೂ ಸುಳ್ಳಾಗುತ್ತದೆ. ಕೊನೆಯ ಫ್ರೆಟ್ ಒತ್ತಿಹಿಡಿದಾಗ ತಂತಿಗೂ ಆಯಸ್ಕಾಂತದ ತುದಿಗೂ 2ರಿಂದ 2.5 ಮಿಲಿಮೀಟರ್ ಬಿಟ್ಟು, ದಪ್ಪ ತಂತಿಯ ಕಡೆ ತುಸು ಹೆಚ್ಚು ಇಳಿಸಿ, ಅಲ್ಲಿಂದ ಕಿವಿಯ ತೀರ್ಮಾನಕ್ಕೆ ಬಿಡಬೇಕು.

ಮರ ಹವೆಯೊಂದಿಗೆ ಉಬ್ಬುತ್ತ ಕುಗ್ಗುತ್ತ ಇರುವುದರಿಂದ ಹೊಸ ನೆಕ್ ಒಂದು ವರ್ಷದ ಋತುಗಳನ್ನು ಕಾಣುವವರೆಗೆ ನೆಲೆಗೊಳ್ಳುವುದಿಲ್ಲ. ಕಲಬುರಗಿಯ ಬೇಸಿಗೆಯಂಥ ಒಣಗಾಳಿಗೆ ಫಿಂಗರ್‌ಬೋರ್ಡ್ ಅಗಲದಲ್ಲಿ ಕುಗ್ಗಿ, ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಅಂಗೈಯನ್ನು ಕೊರೆಯುತ್ತವೆ. ಸಣ್ಣ ಅರದಿಂದ ಒಮ್ಮೆ ಸವರಿದರೆ ಮುಗಿಯಿತು. ನಾನು ಹದಕ್ಕೆ ತಂದ ದಿನದ ಎಲ್ಲ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಚೀಲದ ಒಳಜೇಬಿನಲ್ಲಿ ಇಟ್ಟಿದ್ದೆ. ಮೇ ತಿಂಗಳಲ್ಲಿ 0.25 ಇದ್ದ ನೆಕ್ಕಿನ ಸಂದು ಜುಲೈ ಕೊನೆಗೆ 0.4 ಆಗಿತ್ತು. ಸರಳನ್ನು ಕಾಲು ಸುತ್ತು ಬಿಗಿದು, ಮರುದಿನ ಶ್ರುತಿ ಮಾಡಿ ನೋಡಿದಾಗ ಉಳಿದ ಅಳತೆಗಳೆಲ್ಲ ಚೀಟಿಯಲ್ಲಿದ್ದಂತೆಯೇ ಇದ್ದವು.